ಅರವತ್ತರ ಲೆಕ್ಕ

ಒಂದು ರೂಪಾಯಿಗೆ ನೂರು ಪೈಸೆ, ಒಂದು ಕಿಲೋಗೆ ಸಾವಿರ ಗ್ರಾಂ, ಒಂದು ಮೀಟರಿಗೆ ನೂರು ಸೆಂಟಿಮೀಟರ್. ಅಂಗಡಿಯ ತಕ್ಕಡಿಯಿಂದ ಬ್ಯಾಂಕಿನ ಖಾತೆಯವರೆಗೆ ಇಂದಿನ ಲೆಕ್ಕವೆಲ್ಲ ಹತ್ತರ ಮಡಿಗಳಲ್ಲಿ ನಡೆಯುತ್ತದೆ. ಗೋಡೆಯ ಮೇಲಿನ ಗಡಿಯಾರವೊಂದು ಮಾತ್ರ ಈ ಶಿಸ್ತಿಗೆ ಒಳಪಟ್ಟಿಲ್ಲ. ಅಲ್ಲಿ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ, ಗಂಟೆಗೆ ಅರವತ್ತು ನಿಮಿಷ, ನಿಮಿಷಕ್ಕೆ ಅರವತ್ತು ಸೆಕೆಂಡು. ಶಾಲೆಗೆ ಹೋಗುವ ಮಗು ಎಡವುವುದೂ ಇಲ್ಲಿಯೇ. ಒಂದೂವರೆ ಗಂಟೆಯೆಂದರೆ ನೂರೈವತ್ತು ನಿಮಿಷವಲ್ಲ, ತೊಂಬತ್ತು ನಿಮಿಷ ಎಂಬುದು ಅದಕ್ಕೆ ಒಗ್ಗಲು ಕೆಲವು ದಿನ ಬೇಕಾಗುತ್ತದೆ.

ಈ ಅರವತ್ತು ಎಲ್ಲಿಂದ ಬಂತು? ಹತ್ತರ ಲೆಕ್ಕ ಉಳಿದೆಲ್ಲವನ್ನೂ ಆಕ್ರಮಿಸಿಕೊಂಡ ಮೇಲೂ ಇದೊಂದು ಹೇಗೆ ಉಳಿಯಿತು? ಉತ್ತರ ಇಂದಿನ ಇರಾಕ್ ದೇಶದ ದಕ್ಷಿಣ ಭಾಗದ ಜೇಡಿಮಣ್ಣಿನಲ್ಲಿದೆ. ಆ ಉತ್ತರದ ಬೆನ್ನಿಗೇ ಒಂದು ಭಾಷೆಯ ಅಳಿವಿನ ಕಥೆಯೂ ಇದೆ. ರಾಜ್ಯದ ಗಡಿಯಾಚೆ ನಿಂತು ತಮ್ಮ ನುಡಿಯನ್ನು ಕಾಯುತ್ತಿರುವವರು ಆ ಕಥೆಯನ್ನು ಕೊನೆಯವರೆಗೆ ಕೇಳಬೇಕು.

ಅಂಕಿಗಿಂತ ಮೊದಲು

ಅಂಕಿಗಳು ಹುಟ್ಟುವುದಕ್ಕೆ ಬಹಳ ಮೊದಲೇ ಮನುಷ್ಯ ಎಣಿಸುತ್ತಿದ್ದ. 1950ರಲ್ಲಿ ಬೆಲ್ಜಿಯಂನ ಭೂವಿಜ್ಞಾನಿ ಝಾನ್ ದ ಹೈನ್ಜೆಲಿನ್ ಆಫ್ರಿಕಾದ ಕಾಂಗೋ ಪ್ರದೇಶದ ಇಶಾಂಗೋ ಎಂಬಲ್ಲಿ ಒಂದು ಮೂಳೆಯನ್ನು ಅಗೆದು ತೆಗೆದರು. ಸುಮಾರು 20,000 ವರ್ಷ ಹಳೆಯದಾದ ಆ ಮೂಳೆಯ ಮೇಲೆ ಮೂರು ಸಾಲುಗಳಲ್ಲಿ ಗುಂಪುಗುಂಪಾಗಿ ಗೀರುಗಳಿವೆ. ಅದು ಚಂದ್ರನ ದಿನಗಳ ಲೆಕ್ಕವೆಂದು ಕೆಲವರು, ಬರಿಯ ಎಣಿಕೆಯ ಗುರುತೆಂದು ಇನ್ನು ಕೆಲವರು ವಾದಿಸುತ್ತಾರೆ. ವಾದ ಏನೇ ಇರಲಿ, ಒಂದು ವಸ್ತುವಿಗೆ ಒಂದು ಗೀರು ಎಂಬುದು ಮನುಷ್ಯಕುಲದ ಮೊದಲ ಲೆಕ್ಕಪುಸ್ತಕ. ಹಾಲು ಹಾಕುವವರು ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಲೆಕ್ಕವಿಟ್ಟದ್ದೂ ಇದೇ ವಿದ್ಯೆಯಿಂದ. ಆ ಗೆರೆಗಳನ್ನು ಎಳೆದವರಿಗೆ ಓದುಬರಹ ಬೇಕಿರಲಿಲ್ಲ.

ಪಶ್ಚಿಮ ಏಷ್ಯಾದಲ್ಲಿ ಬೇಸಾಯ ನೆಲೆಗೊಂಡ ಮೇಲೆ, ಸುಮಾರು ಕ್ರಿ.ಪೂ. 8000ದ ಹೊತ್ತಿಗೆ, ಗೀರಿನ ಜಾಗಕ್ಕೆ ಮಣ್ಣಿನ ಚಿಕ್ಕ ಬಿಲ್ಲೆಗಳು ಬಂದವು. ಗೋಲಿ, ಶಂಕು, ತಟ್ಟೆ ಹೀಗೆ ಬೇರೆಬೇರೆ ಆಕಾರದ ಇಂಥ ಸಾವಿರಾರು ಬಿಲ್ಲೆಗಳು ಉತ್ಖನನಗಳಲ್ಲಿ ಸಿಕ್ಕಿವೆ. ಬಹುಕಾಲ ಇವನ್ನು ಆಟದ ಸಾಮಾನೆಂದೋ ತಾಯಿತವೆಂದೋ ಭಾವಿಸಲಾಗಿತ್ತು. ಇವು ದವಸದ, ಕುರಿಯ, ಎಣ್ಣೆಯ ಲೆಕ್ಕದ ಬಿಲ್ಲೆಗಳು ಎಂದು ವಿವರವಾಗಿ ವಾದಿಸಿದವರು ಡೆನಿಸ್ ಷ್ಮಾಂಟ್-ಬೆಸೆರಾ ಎಂಬ ವಿದುಷಿ. ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದಲ್ಲಿ ಈ ಬಿಲ್ಲೆಗಳನ್ನು ಮಣ್ಣಿನ ಪೊಳ್ಳು ಉಂಡೆಯೊಳಗಿಟ್ಟು ಮುಚ್ಚಿ, ಮೇಲೆ ಮುದ್ರೆಯೊತ್ತುವ ಪದ್ಧತಿ ಬಂತು. ಸಾಲದ ಕರಾರು ಅದರೊಳಗೆ ಭದ್ರ. ಆದರೆ ಒಳಗೆ ಎಷ್ಟಿದೆಯೆಂದು ನೋಡಬೇಕಾದರೆ ಉಂಡೆಯನ್ನು ಒಡೆಯಬೇಕು. ಅದಕ್ಕಾಗಿ ಕೆಲವು ಉಂಡೆಗಳ ಹೊರಮೈಯ ಹಸಿಮಣ್ಣಿನಲ್ಲೇ ಬಿಲ್ಲೆಗಳ ಗುರುತನ್ನು ಒತ್ತಿದರು. ಹೊರಗೆ ಗುರುತಿದ್ದ ಮೇಲೆ ಒಳಗೆ ಬಿಲ್ಲೆ ಏಕೆ? ಉಂಡೆ ಚಪ್ಪಟೆಯಾಗಿ ಹಲಗೆಯಾಯಿತು, ಗುರುತು ಅಂಕಿಯಾಯಿತು.

ಹೀಗೆ ಬರವಣಿಗೆಯ ಮೊದಲ ಹೆಜ್ಜೆ ಕಾವ್ಯವೂ ಅಲ್ಲ, ಪ್ರಾರ್ಥನೆಯೂ ಅಲ್ಲ, ಕೊಡುಕೊಳ್ಳುವ ಲೆಕ್ಕ. ಉರುಕ್ ನಗರದ ಅವಶೇಷಗಳಲ್ಲಿ ದೊರೆತ, ಕ್ರಿ.ಪೂ. 3300ರ ಆಸುಪಾಸಿನಿಂದ ಆರಂಭವಾಗುವ ಸಾವಿರಾರು ಮಣ್ಣಿನ ಹಲಗೆಗಳಲ್ಲಿ ಬಹುಪಾಲು ಉಗ್ರಾಣದ ಕಡತಗಳೇ. ಯಾರಿಗೆ ಎಷ್ಟು ಜವೆಗೋಧಿ, ಯಾವ ಮಂದೆಯಲ್ಲಿ ಎಷ್ಟು ಕುರಿ, ಎಷ್ಟು ಮಂದಿ ಆಳುಗಳು ಎಂಬ ಬಾಬತ್ತುಗಳು.

ವಸ್ತುವಿಗೊಂದು ಎಣಿಕೆ

ಈ ಹಲಗೆಗಳನ್ನು ಓದಿದವರಿಗೆ ಎದುರಾದ ಮೊದಲ ಅಚ್ಚರಿಯೆಂದರೆ ಅಲ್ಲಿ ಒಂದೇ ಸಂಖ್ಯಾಪದ್ಧತಿ ಇರಲಿಲ್ಲ. ಎಣಿಸುವ ವಸ್ತು ಬದಲಾದರೆ ಅಂಕಿಯ ಬೆಲೆಯೂ ಬದಲಾಗುತ್ತಿತ್ತು. ದುಂಡನೆಯ ಕಡ್ಡಿಯ ತುದಿಯಿಂದ ಒತ್ತಿದ ಚಿಕ್ಕ ವೃತ್ತವು ಕುರಿಗಳನ್ನು ಎಣಿಸುವಾಗ ಹತ್ತು; ಜವೆಗೋಧಿ ಅಳೆಯುವಾಗ ಅದೇ ವೃತ್ತ ಆರು; ಹೊಲದ ವಿಸ್ತೀರ್ಣ ಹೇಳುವಾಗ ಹದಿನೆಂಟು. ‘ಹತ್ತು’ ಎಂಬ ಬರಿಯ ಸಂಖ್ಯೆ ಆ ಲೆಕ್ಕಿಗರ ಮನಸ್ಸಿನಲ್ಲಿ ಇನ್ನೂ ವಸ್ತುವಿನಿಂದ ಬಿಡಿಸಿಕೊಂಡಿರಲಿಲ್ಲ.

ಇದನ್ನು ಓದಿ ಆ ಜನರನ್ನು ಅನಾಗರಿಕರೆಂದು ನಗುವಂತಿಲ್ಲ. ಕನ್ನಡಿಗರ ಅಜ್ಜಂದಿರೂ ಇದೇ ರೀತಿ ಎಣಿಸಿದರು. ದವಸಕ್ಕೆ ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ, ಬಟ್ಟೆಗೆ ಗೇಣು ಮೊಳಗಳ ಲೆಕ್ಕ, ಬಾಳೆಹಣ್ಣಿಗೆ ಡಜನ್. ಹಣದಲ್ಲಂತೂ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. 1957ರ ಏಪ್ರಿಲ್ 1ರವರೆಗೆ ಭಾರತದ ವ್ಯಾಪಾರವೆಲ್ಲ ಅದರಲ್ಲೇ ನಡೆಯಿತು. ಇಂದಿಗೂ ಕಾಸರಗೋಡಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಬೀಡಿ ಕಟ್ಟುವ ಹೆಂಗಸಿನ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿದೆ. ಪ್ರತಿ ಎಣಿಕೆಯ ಹಿಂದೆಯೂ ಒಂದು ಕೆಲಸ, ಒಂದು ಕೂಲಿ, ಒಂದು ಒಪ್ಪಂದವಿದೆ.

ಕುರಿ, ಮನುಷ್ಯ, ಪಾತ್ರೆ ಮುಂತಾದ ಬಿಡಿ ವಸ್ತುಗಳನ್ನು ಎಣಿಸಲು ಉರುಕ್‌ನ ಲೆಕ್ಕಿಗರು ಬಳಸಿದ ಪದ್ಧತಿಯಲ್ಲಿ ಹತ್ತು ಒಂದುಗಳಿಗೆ ಒಂದು ವೃತ್ತ, ಆರು ವೃತ್ತಗಳಿಗೆ ಒಂದು ದೊಡ್ಡ ಶಂಕು. ಆ ದೊಡ್ಡ ಶಂಕುವೇ ಅರವತ್ತು. ಅಲ್ಲಿಂದ ಮುಂದೆ ಆರುನೂರು, ಮೂರು ಸಾವಿರದ ಆರುನೂರು. ಉಳಿದ ಪದ್ಧತಿಗಳು ಕಾಲಕ್ರಮದಲ್ಲಿ ಹಿಂದೆ ಸರಿದು ಇದು ಲೆಕ್ಕದ ಅರಸಾಯಿತು.

ಅರವತ್ತನ್ನೇ ಏಕೆ ಆರಿಸಿಕೊಂಡರೆಂಬುದಕ್ಕೆ ಹಲವು ಊಹೆಗಳಿವೆ. ಒಂದು ಕೈಯ ಹೆಬ್ಬೆರಳಿನಿಂದ ಅದೇ ಕೈಯ ನಾಲ್ಕು ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತ ಎಣಿಸಿದರೆ ಹನ್ನೆರಡು. ಪ್ರತಿ ಹನ್ನೆರಡಕ್ಕೂ ಇನ್ನೊಂದು ಕೈಯ ಒಂದು ಬೆರಳು ಮಡಿಸಿದರೆ ಐದು ಹನ್ನೆರಡು ಅರವತ್ತು ಎಂಬುದು ಒಂದು ಊಹೆ. ಜಪದ ಲೆಕ್ಕವನ್ನು ಬೆರಳ ಗೆಣ್ಣಿನಲ್ಲೇ ಇಡುವ ಹಿರಿಯರಿಗೆ ಇದು ಹೊಸದೆನಿಸದು. ಆದರೆ ಅರವತ್ತು ಉಳಿದುಕೊಂಡದ್ದಕ್ಕೆ ಊಹೆ ಬೇಡ, ಕಾರಣ ಕಣ್ಣೆದುರಿಗೇ ಇದೆ. ಅರವತ್ತನ್ನು ಎರಡು, ಮೂರು, ನಾಲ್ಕು, ಐದು, ಆರು, ಹತ್ತು, ಹನ್ನೆರಡು, ಹದಿನೈದು, ಇಪ್ಪತ್ತು, ಮೂವತ್ತು ಪಾಲು ಮಾಡಬಹುದು, ಏನೂ ಮಿಗದು. ನೂರನ್ನು ಮೂವರಿಗೆ ಹಂಚಿದರೆ ಒಂದು ಮಿಗುತ್ತದೆ, ಜಗಳವೂ ಮಿಗುತ್ತದೆ. ಹಂಚಿ ತಿನ್ನುವವರ ಸಂಖ್ಯೆ ಅರವತ್ತು.

ಕೂಲಿಯಿಂದ ಹುಟ್ಟಿದ ಕಾಲ

ಕಾಲಗಣನೆ ಆಕಾಶ ನೋಡುವ ಋಷಿಗಳಿಂದ ಹುಟ್ಟಿತೆಂಬ ನಂಬಿಕೆ ಎಲ್ಲ ದೇಶಗಳಲ್ಲೂ ಇದೆ. ಅದು ಅರ್ಧ ಸತ್ಯ ಮಾತ್ರ. ಮೆಸೊಪೊಟೇಮಿಯಾದ ಕಡತಗಳು ಹೇಳುವ ಉಳಿದರ್ಧವೆಂದರೆ ಕಾಲವನ್ನು ಮೊದಲು ಸಮಭಾಗ ಮಾಡಿದ್ದು ಉಗ್ರಾಣದ ಗುಮಾಸ್ತ. ಆಕಾಶದ ಚಂದ್ರಮಾಸ ಒಮ್ಮೆ 29 ದಿನ, ಒಮ್ಮೆ 30 ದಿನ. ಪಡಿ ಅಳೆಯುವವನಿಗೆ ಈ ಏರುಪೇರು ತೊಡಕು. ಹಾಗಾಗಿ ಲೆಕ್ಕದ ತಿಂಗಳು ಎಂದಿಗೂ 30 ದಿನ, ಲೆಕ್ಕದ ವರ್ಷ 360 ದಿನ ಎಂದು ಇಟ್ಟುಕೊಂಡರು. ಕ್ರಿ.ಪೂ. 2100ರಿಂದ 2000ದ ನಡುವಿನ, ಊರ್ ನಗರದ ಮೂರನೆಯ ರಾಜವಂಶದ ಕಾಲದಲ್ಲಿ ಹಿಟ್ಟು ಬೀಸುವ ಹೆಂಗಸರ, ಕಾಲುವೆ ತೋಡುವ ಗಂಡಸರ ದುಡಿಮೆಯನ್ನು ಆಳುದಿನಗಳಲ್ಲಿ ಎಣಿಸಿ, ಬಾಕಿ ಬಿದ್ದ ದುಡಿಮೆಯನ್ನು ಮೇಸ್ತ್ರಿಯ ಹೆಸರಿನಲ್ಲಿ ಮುಂದಿನ ಲೆಕ್ಕಕ್ಕೆ ಒಯ್ಯುತ್ತಿದ್ದರು. ದಿನಕ್ಕೆ ಬೆಲೆ ಕಟ್ಟಿದ್ದು ಹೀಗೆ.

ಆಕಾಶ ನೋಡುವವರು ಇದೇ ಲೆಕ್ಕವನ್ನು ಎತ್ತಿಕೊಂಡರು. ಬ್ಯಾಬಿಲೋನಿನ ಜೋಯಿಸರು ಒಂದು ಹಗಲಿರುಳನ್ನು ‘ಬೇರು’ ಎಂಬ ಹನ್ನೆರಡು ಭಾಗ ಮಾಡಿ, ಪ್ರತಿ ಭಾಗವನ್ನು ‘ಉಷ್’ ಎಂಬ ಮೂವತ್ತು ತುಣುಕು ಮಾಡಿದರು. ಒಟ್ಟು 360. ಒಂದು ಉಷ್ ಎಂದರೆ ಇಂದಿನ ನಾಲ್ಕು ನಿಮಿಷ, ಆಕಾಶ ಒಂದು ಅಂಶದಷ್ಟು ಸರಿಯುವ ಹೊತ್ತು. ವೃತ್ತಕ್ಕೆ 360 ಅಂಶ ಎಂದು ಶಾಲೆಯಲ್ಲಿ ಕಲಿಸುವುದರ ಬೇರು ಇಲ್ಲಿದೆ.

ಇಪ್ಪತ್ತನಾಲ್ಕು ಗಂಟೆಗಳು ಬಂದದ್ದು ಈಜಿಪ್ಟಿನಿಂದ. ಅಲ್ಲಿಯವರು ಇರುಳನ್ನು ನಕ್ಷತ್ರಗಳ ಉದಯ ನೋಡಿ ಹನ್ನೆರಡಾಗಿ, ಹಗಲನ್ನು ನೆರಳು ನೋಡಿ ಹನ್ನೆರಡಾಗಿ ಭಾಗಿಸಿದರು. ಬೇಸಗೆಯಲ್ಲಿ ಅವರ ಹಗಲಿನ ಗಂಟೆ ಉದ್ದ, ಚಳಿಗಾಲದಲ್ಲಿ ಗಿಡ್ಡ. ಕಾರ್ನಕ್ ದೇಗುಲದಲ್ಲಿ ದೊರೆತ, ಸುಮಾರು ಕ್ರಿ.ಪೂ. 1400ರ ನೀರಿನ ಗಡಿಯಾರದ ಒಳಮೈಯಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಬೇರೆಬೇರೆ ಅಳತೆಯ ಸಾಲುಗಳಿರುವುದು ಇದೇ ಕಾರಣಕ್ಕೆ. ಎಲ್ಲ ಗಂಟೆಗಳೂ ಸಮವಾಗಿರಲೆಂದವರು ಹಿಪಾರ್ಕಸ್ ಮೊದಲಾದ ಗ್ರೀಕ್ ಖಗೋಳಜ್ಞರು. ಈಜಿಪ್ಟಿನ ಇಪ್ಪತ್ತನಾಲ್ಕನ್ನೂ ಬ್ಯಾಬಿಲೋನಿನ ಅರವತ್ತನ್ನೂ ಅವರ ಪರಂಪರೆ ಒಟ್ಟುಗೂಡಿಸಿತು. ಮುಂದೆ ಲ್ಯಾಟಿನ್ ಭಾಷೆಯಲ್ಲಿ ಅರವತ್ತರ ಮೊದಲ ‘ಚಿಕ್ಕ ಭಾಗ’ ಮಿನಿಟು ಎಂದೂ ಎರಡನೆಯ ಚಿಕ್ಕ ಭಾಗ ಸೆಕೆಂಡು ಎಂದೂ ಹೆಸರಾಯಿತು. ‘ಎರಡನೆಯದು’ ಎಂಬುದಷ್ಟೇ ಸೆಕೆಂಡಿನ ಅರ್ಥ.

ಬಟ್ಟಲು ಮತ್ತು ಗಂಟೆ

ಭಾರತದಲ್ಲೂ ದಿನಕ್ಕೆ ಅರವತ್ತರ ಲೆಕ್ಕವೇ, ಆದರೆ ಹಂಚಿಕೆ ಬೇರೆ. ವೇದಾಂಗ ಜ್ಯೋತಿಷದಲ್ಲಿ ಹಗಲಿರುಳಿಗೆ ಮೂವತ್ತು ಮುಹೂರ್ತ, ಅರವತ್ತು ನಾಡಿಕೆ. ಈ ನಾಡಿಕೆಯೇ ಗಳಿಗೆ, ಅಂದರೆ ಇಂದಿನ 24 ನಿಮಿಷ. ಗಳಿಗೆಯನ್ನು ಮತ್ತೆ ಅರವತ್ತು ಮಾಡಿದರೆ ವಿಗಳಿಗೆ. ಒಂದು ವಿಗಳಿಗೆಗೆ ಅರವತ್ತು ಗುರು ಅಕ್ಷರ ಉಚ್ಚರಿಸುವಷ್ಟು ಹೊತ್ತು ಎಂದು ಆರ್ಯಭಟನ ಗ್ರಂಥ ಹೇಳುತ್ತದೆ. ಛಂದಸ್ಸಿನ ಗುರುಲಘುಗಳನ್ನು ಬಲ್ಲ ಕನ್ನಡ ಓದುಗರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಿಲ್ಲ. ಮನುಷ್ಯನ ನಾಲಗೆಯೇ ಅಲ್ಲಿ ಕಾಲದ ಅಳತೆಗೋಲು.

ಅದೇ ವೇದಾಂಗ ಜ್ಯೋತಿಷವು ಅತ್ಯಂತ ದೀರ್ಘ ಹಗಲು ಹದಿನೆಂಟು ಮುಹೂರ್ತ, ಅತ್ಯಂತ ಗಿಡ್ಡ ಹಗಲು ಹನ್ನೆರಡು ಮುಹೂರ್ತ ಎನ್ನುತ್ತದೆ. ಇದು ಸುಮಾರು 35 ಅಂಶ ಉತ್ತರ ಅಕ್ಷಾಂಶಕ್ಕೆ ಹೊಂದುವ ಮಾತು. ಬ್ಯಾಬಿಲೋನಿನ ಲೆಕ್ಕಗಳಲ್ಲೂ ಇದೇ ಪ್ರಮಾಣವಿದ್ದು, ಅಲ್ಲಿಂದ ಇಲ್ಲಿಗೆ ಬಂತೇ ಅಥವಾ ಇಲ್ಲಿಯೇ ಕಂಡುಕೊಂಡರೇ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಕಾಸರಗೋಡಿನಲ್ಲಾದರೋ ದೀರ್ಘ ಹಗಲು ಹನ್ನೆರಡೂಮುಕ್ಕಾಲು ಗಂಟೆಗೆ ತುಸು ಹೆಚ್ಚು, ಗಿಡ್ಡ ಹಗಲು ಹನ್ನೊಂದೂವರೆ ಗಂಟೆಗೆ ತುಸು ಕಡಿಮೆ. ಗ್ರಂಥದ ಸೂರ್ಯ ಬೇರೆ, ಊರಿನ ಸೂರ್ಯ ಬೇರೆ. ಪಂಚಾಂಗದ ಗಳಿಗೆಯನ್ನು ಆಯಾ ಊರಿನ ಸೂರ್ಯೋದಯದಿಂದಲೇ ಎಣಿಸುವುದು ಅದಕ್ಕಾಗಿ.

ಗಳಿಗೆಯನ್ನು ಅಳೆಯುತ್ತಿದ್ದುದು ಗಳಿಗೆ ಬಟ್ಟಲು. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಅರೆಗೋಲದ ಬಟ್ಟಲನ್ನು ನೀರಿನ ಕೊಪ್ಪರಿಗೆಯಲ್ಲಿ ತೇಲಬಿಟ್ಟರೆ ಅದು ನಿಧಾನವಾಗಿ ತುಂಬಿ ಒಂದು ಗಳಿಗೆಗೆ ಮುಳುಗುತ್ತದೆ. ಮುಳುಗಿದೊಡನೆ ಕಾವಲಿನವನು ಜಾಗಟೆ ಬಾರಿಸಿ, ಬಟ್ಟಲನ್ನು ಎತ್ತಿ ಮತ್ತೆ ತೇಲಿಬಿಡಬೇಕು. ಹಗಲಿರುಳಿಗೆ ಅರವತ್ತು ಬಾರಿ. ಏಳನೆಯ ಶತಮಾನದಲ್ಲಿ ನಾಲಂದಾಕ್ಕೆ ಬಂದ ಚೀನಾದ ಯಾತ್ರಿಕ ಇತ್ಸಿಂಗ್ ಇಂಥ ಬಟ್ಟಲನ್ನು ವರ್ಣಿಸಿದ್ದಾನೆ. ಸಾವಿರ ವರ್ಷದ ಹತ್ತಿರ ಕಳೆದ ಮೇಲೆ ಬಾಬರನು ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಗಳಿಗೆ, ಜಾವಗಳ ಲೆಕ್ಕವನ್ನು ವಿವರಿಸುತ್ತ ಒಂದು ಕೊರತೆಯನ್ನು ಹೇಳುತ್ತಾನೆ. ಇರುಳಲ್ಲಿ ಎಚ್ಚರವಾದವನಿಗೆ ಮೂರೋ ನಾಲ್ಕೋ ಪೆಟ್ಟು ಕೇಳಿಸುತ್ತದೆ, ಆದರೆ ಅದು ಎರಡನೆಯ ಜಾವವೋ ಮೂರನೆಯದೋ ತಿಳಿಯುವುದಿಲ್ಲ. ಆದ್ದರಿಂದ ಗಳಿಗೆಯ ಪೆಟ್ಟುಗಳ ನಂತರ ಜಾವದ ಪೆಟ್ಟನ್ನೂ ಬಾರಿಸಬೇಕೆಂದು ಆತ ಅಪ್ಪಣೆ ಮಾಡಿದ. ನಿದ್ದೆಯಿಂದ ಎದ್ದವನ ಕಿವಿಗಾಗಿ ಅರಸನೊಬ್ಬ ಮಾಡಿದ ತಿದ್ದುಪಡಿ ಅದು.

ಆ ಬಟ್ಟಲು ಮತ್ತು ಆ ಜಾಗಟೆ ಕನ್ನಡದೊಳಗೆ ಇನ್ನೂ ಇವೆ. ಪಾರಸಿಯಲ್ಲಿ ಬಟ್ಟಲಿಗೆ ‘ತಾಸ್’ ಎಂದು ಹೆಸರು. ಫಿರೋಜ್ ಷಾ ತುಘಲಕನ ಕಾಲದ ದೆಹಲಿಯಲ್ಲಿ ಈ ಸಾಧನವನ್ನು ‘ತಾಸ್-ಎ-ಘಡಿಯಾಲ್’ ಎನ್ನುತ್ತಿದ್ದರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗ ‘ಎರಡು ತಾಸಾಯಿತು’ ಎನ್ನುವಾಗ, ನೆರೆಯ ಮರಾಠಿಗ ‘ದೋನ್ ತಾಸ್’ ಎನ್ನುವಾಗ, ಇಬ್ಬರೂ ಮುಳುಗುವ ಬಟ್ಟಲನ್ನೇ ನೆನೆಯುತ್ತಾರೆ. ಕಾಸರಗೋಡಿನ ಕನ್ನಡಿಗ ‘ಎರಡು ಗಂಟೆಯಾಯಿತು’ ಎಂದರೆ ಬಟ್ಟಲು ಮುಳುಗಿದಾಗ ಕೇಳಿದ ನಾದವನ್ನು ನೆನೆಯುತ್ತಾನೆ. ಒಂದೇ ಸಾಧನದ ಎರಡು ಅಂಗ, ಒಂದೇ ನುಡಿಯ ಎರಡು ಸೀಮೆ. ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತನ್ನು ಸೂಚಿಸುತ್ತಿದ್ದ ಸಂಸ್ಕೃತದ ‘ನಿಮಿಷ’ಕ್ಕೆ ಗಂಟೆಯ ಅರವತ್ತನೆಯ ಒಂದು ಪಾಲಿನ ಹೊಸ ಕೆಲಸ ವಹಿಸಿದ್ದೂ ಕನ್ನಡವೇ.

ಅಳತೆ ಉಳಿಯಿತು

ಅರವತ್ತನ್ನು ಕಿತ್ತೊಗೆಯುವ ಯತ್ನವೂ ಒಮ್ಮೆ ನಡೆಯಿತು. ಕ್ರಾಂತಿಯ ಫ್ರಾನ್ಸ್ ದೇಶವು 1793ರಲ್ಲಿ ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ, ನಿಮಿಷಕ್ಕೆ ನೂರು ಸೆಕೆಂಡು ಎಂದು ಶಾಸನ ಮಾಡಿತು. ಹೊಸ ಮುಖದ ಗಡಿಯಾರಗಳೂ ತಯಾರಾದವು. ಜನ ಒಪ್ಪಲಿಲ್ಲ. 1795ರ ಏಪ್ರಿಲ್ 7ರ ಕಾನೂನು ಅದನ್ನು ಅಮಾನತಿನಲ್ಲಿಟ್ಟಿತು. ಮೀಟರು, ಗ್ರಾಂಗಳ ಪದ್ಧತಿಯನ್ನು ಸ್ಥಾಪಿಸಿದ್ದೂ ಅದೇ ಕಾನೂನು. ತೂಕ, ಉದ್ದಗಳಲ್ಲಿ ಗೆದ್ದ ಹತ್ತು ಹೊತ್ತಿನಲ್ಲಿ ಸೋತಿತು. 1967ರಲ್ಲಿ ಸೀಸಿಯಂ ಪರಮಾಣುವಿನ 9,192,631,770 ಕಂಪನಗಳ ಕಾಲಕ್ಕೆ ಒಂದು ಸೆಕೆಂಡು ಎಂದು ವಿಜ್ಞಾನಿಗಳು ಹೊಸ ವ್ಯಾಖ್ಯೆ ಕೊಟ್ಟಾಗಲೂ ಹಳೆಯ ಅರವತ್ತರ ಸೆಕೆಂಡಿಗೇ ಅದನ್ನು ಹೊಂದಿಸಿದರು. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಈ ಅರವತ್ತಿಗೆ ಅನ್ವಯಿಸಲಿಲ್ಲ.

ಹಾಗಾದರೆ ಅರವತ್ತನ್ನು ಕೊಟ್ಟ ಜನ ಏನಾದರು? ಅವರ ಭಾಷೆ ಸುಮೇರಿಯನ್. ಅದರಲ್ಲಿ ಏಳಕ್ಕೆ ‘ಇಮಿನ್’, ಅಂದರೆ ಐದು ಮತ್ತು ಎರಡು. ಕನ್ನಡದ ‘ಒಂಬತ್ತು’ ಹತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕವನ್ನು ಒಡಲಲ್ಲಿ ಇಟ್ಟುಕೊಂಡಿರುವಂತೆಯೇ ಅದು. ಕ್ರಿ.ಪೂ. 2000ದ ಆಚೀಚೆ ಆ ನಾಡಿನ ಮನೆಗಳು ಒಂದೊಂದಾಗಿ ಅಕ್ಕಾಡಿಯನ್ ಭಾಷೆಗೆ ತಿರುಗಿದವು. ಸುಮೇರಿಯನ್ನಿಗೆ ಮರ್ಯಾದೆ ಕಡಿಮೆಯಾಗಲಿಲ್ಲ. ಅದು ದೇಗುಲದ, ಪಾಂಡಿತ್ಯದ, ಶಾಲೆಯ ಭಾಷೆಯಾಗಿ ಮೆರೆಯಿತು. ನಿಪ್ಪುರ್ ನಗರದ ಮಕ್ಕಳು ಅದರ ಪದಪಟ್ಟಿಗಳನ್ನೂ ಮಗ್ಗಿಗಳನ್ನೂ ತಿದ್ದಿದ ಮಣ್ಣಿನ ಹಲಗೆಗಳು ರಾಶಿಯಾಗಿ ಸಿಕ್ಕಿವೆ. ಶಾಲೆಯಲ್ಲಿ ಸುಮೇರಿಯನ್ ಆಡಲಿಲ್ಲವೆಂದು ಹುಡುಗನೊಬ್ಬ ಪೆಟ್ಟು ತಿಂದ ಪ್ರಸಂಗವೂ ಆ ಕಾಲದ ಬರಹವೊಂದರಲ್ಲಿದೆ. ಆದರೆ ಬೆತ್ತದಿಂದ ಭಾಷೆ ಮನೆಗೆ ಮರಳಲಿಲ್ಲ. ಶಾಲೆ, ದೇಗುಲ, ಗೌರವ ಎಲ್ಲವೂ ಇದ್ದವು. ಅಡುಗೆಮನೆಯಲ್ಲಿ ಅದನ್ನಾಡುವವರು ಇರಲಿಲ್ಲ. ಕೊನೆಕೊನೆಯ ಬೆಣೆಲಿಪಿಯ ಹಲಗೆಗಳು ಕ್ರಿ.ಶ. ಒಂದನೆಯ ಶತಮಾನದವು, ಅವೂ ಗ್ರಹನಕ್ಷತ್ರಗಳ ಲೆಕ್ಕದವೇ.

ಅಳತೆ ಉಳಿಯಿತು, ಏಕೆಂದರೆ ಅದನ್ನು ಬಳಸುವ ಕೈಗಳು ಪ್ರತಿ ದೇಶದಲ್ಲೂ ಸಿಕ್ಕವು. ಭಾಷೆ ಹೋಯಿತು, ಏಕೆಂದರೆ ಅದನ್ನು ಬಳಸುವ ಮನೆಗಳು ಬರಿದಾದವು. ಕನ್ನಡದ ಸಣ್ಣ ಲೆಕ್ಕದ ಪದಗಳಿಗೂ ಇದೇ ನಿಯಮ ಅನ್ವಯಿಸಿದೆ. ಹಾಗ, ವೀಸ, ಕಾಣಿಗಳು ಹಳೆಯ ನಾಣ್ಯ, ಅಳತೆಗಳ ಜೊತೆಗೇ ನಿಘಂಟು ಸೇರಿದವು. ಅರೆ, ಕಾಲು, ಮುಕ್ಕಾಲುಗಳು ಮಾತ್ರ ಹಾಲಿನ ಲೆಕ್ಕದಲ್ಲಿ, ಹೊತ್ತಿನ ಲೆಕ್ಕದಲ್ಲಿ ದಿನಾ ಬಾಯಿಗೆ ಬರುವುದರಿಂದ ಬದುಕಿವೆ.

ಗಡಿಯ ಊರುಗಳಲ್ಲಿ ಭಾಷೆ ಹಿಂದೆ ಸರಿಯುವಾಗ ಮೊದಲು ಜಾಗ ಬಿಡುವ ಪದಗಳಲ್ಲಿ ಎಣಿಕೆಯವೂ ಸೇರಿವೆ. ಸಂತೆಯಲ್ಲಿ ಬೆಲೆಯನ್ನು ಮಲೆಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಹೇಳುವುದು ಅನಿವಾರ್ಯ, ಅದರಲ್ಲಿ ತಪ್ಪೂ ಇಲ್ಲ. ಲೆಕ್ಕ ಇಬ್ಬರಿಗೂ ತಿಳಿಯಬೇಕಾದದ್ದು. ಆದರೆ ಮನೆಗೆ ಬಂದು ಚೀಲ ಇಳಿಸಿದ ಮೇಲೆ ಉಳಿದ ಚಿಲ್ಲರೆಯನ್ನು ಮಗು ಯಾವ ನುಡಿಯಲ್ಲಿ ಎಣಿಸುತ್ತದೆ, ‘ಆರೂಮುಕ್ಕಾಲು’ ಎಂದರೆ ಅದಕ್ಕೆ ಗಡಿಯಾರದ ಮುಳ್ಳು ಎಲ್ಲಿರಬೇಕೆಂದು ಹೊಳೆಯುತ್ತದೆಯೇ ಎಂಬುದನ್ನು ಮನೆಯವರೇ ನೋಡಿಕೊಳ್ಳಬೇಕು. ಸುಮೇರಿಯನ್ ಮಕ್ಕಳು ಮನೆಯಲ್ಲಿ ತಮ್ಮ ನುಡಿಯಲ್ಲಿ ಎಣಿಸುವುದನ್ನು ಬಿಟ್ಟ ದಿನವನ್ನು, ಎಲ್ಲವನ್ನೂ ಲೆಕ್ಕವಿಟ್ಟ ಆ ಮಣ್ಣಿನ ಹಲಗೆಗಳೂ ಬರೆದಿಟ್ಟಿಲ್ಲ.